ವಾರಾಂತ್ಯದಲ್ಲಿ ಮನೆ ಬದಲಿಸಿದ ಬ್ಯಾಂಕು

2018ರ ಏಪ್ರಿಲ್ 22, ಭಾನುವಾರ ಸಂಜೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಆನ್‌ಲೈನ್ ಸೇವೆ ಮತ್ತೆ ಶುರುವಾಯಿತು. ಲಾಗಿನ್ ಆದ ಕೆಲವರ ಪರದೆಯಲ್ಲಿ ಮೂಡಿದ್ದು ಬೇರೆ ಯಾರದೋ ಖಾತೆ. ಲಕ್ಷಾಂತರ ಜನರಿಗೆ ಒಳಹೋಗುವುದಕ್ಕೇ ಆಗಲಿಲ್ಲ. 52 ಲಕ್ಷ ಗ್ರಾಹಕರಿದ್ದ ಬ್ಯಾಂಕು ಪೂರ್ತಿ ಹಳಿಗೆ ಬರುವಷ್ಟರಲ್ಲಿ ಡಿಸೆಂಬರ್ ಆಗಿತ್ತು.

ಲಾಯ್ಡ್ಸ್ ಬ್ಯಾಂಕಿನಿಂದ ಬೇರೆಯಾದ ಮೇಲೂ ಟಿಎಸ್‌ಬಿ ಅದರ ಕಂಪ್ಯೂಟರ್ ವ್ಯವಸ್ಥೆಯಲ್ಲೇ ಬಾಡಿಗೆಗಿತ್ತು. 2015ರಲ್ಲಿ ಟಿಎಸ್‌ಬಿಯನ್ನು ಕೊಂಡ ಸ್ಪೇನಿನ ಸಬಾಡೆಲ್ ಬ್ಯಾಂಕು, ತನ್ನ ‘ಪ್ರೋಟಿಯೊ’ ತಂತ್ರಾಂಶವನ್ನೇ ಬ್ರಿಟನ್ನಿಗೆ ಒಗ್ಗಿಸಲು ಹೊರಟಿತು. ಗ್ರಾಹಕರನ್ನು ಕಂತುಕಂತಾಗಿ ಸಾಗಿಸುವುದೇ, ಒಂದೇ ವಾರಾಂತ್ಯದಲ್ಲಿ ಎಲ್ಲರನ್ನೂ ಸಾಗಿಸುವುದೇ? ಬಹುಪಾಲು ಎರಡನೆಯದೇ ಗೆದ್ದಿತು.

ಇಂಥ ಆಯ್ಕೆಗೆ ಮೊದಲು ಒಂದು ನಕ್ಷೆ ಬೇಕು. ಯಾವ ತಂತ್ರಾಂಶ ಯಾವ ದತ್ತಾಂಶವನ್ನು ನೆಚ್ಚಿದೆ, ಅದು ಯಾವ ಯಂತ್ರದಲ್ಲಿದೆ, ಯಾರ ಕೆಲಸ ಅದರ ಮೇಲೆ ನಿಂತಿದೆ ಎಂಬ ಸಮಗ್ರ ನಕ್ಷೆಯೇ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. ನಕ್ಷೆ ಕೈಯಲ್ಲಿದ್ದರೆ ಸಾಲದು, ಮುಂದಿರುವ ಆಯ್ಕೆಗಳನ್ನು ಅದರ ಮೇಲಿಟ್ಟು ತೂಗಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂತ್ರಾಂಶ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ‘ಎಟಿಎಎಂ’ ವಿಧಾನ ಇದಕ್ಕೊಂದು ದಾರಿ. ವಿನ್ಯಾಸ ಚೆನ್ನಾಗಿದೆಯೇ ಎಂದು ಅಲ್ಲಿ ಕೇಳುವುದಿಲ್ಲ. ಸಂಬಳದ ದಿನ ಬೆಳಿಗ್ಗೆ ಎಲ್ಲರೂ ಒಟ್ಟಿಗೇ ಲಾಗಿನ್ ಆದರೆ? ಒಂದು ಡೇಟಾ ಸೆಂಟರ್ ಕೈಕೊಟ್ಟರೆ? ಅರ್ಧ ದಾರಿಯಲ್ಲಿ ಹಿಂದಿರುಗಬೇಕಾದರೆ? ಇಂಥ ಸನ್ನಿವೇಶಗಳನ್ನು ಒಂದೊಂದಾಗಿ ಒಡ್ಡಲಾಗುತ್ತದೆ. ಭದ್ರತೆ ಬಿಗಿಯಾದಲ್ಲಿ ವೇಗ ಎಷ್ಟು ಕುಗ್ಗುತ್ತದೆ ಎಂಬಂಥ ಕೊಡುಕೊಳ್ಳುವಿಕೆ ಆಗ ಬೆಳಕಿಗೆ ಬರುತ್ತದೆ. ನಿರ್ಧರಿಸುವವರು ತಂತ್ರಜ್ಞರೇ ಆಗಬೇಕಿಲ್ಲ. ಈ ಪ್ರಶ್ನೆಗಳು ಯಾರಿಗಾದರೂ ಅರ್ಥವಾಗುವಂಥವು.

ಟಿಎಸ್‌ಬಿಯಲ್ಲಿ ಈ ಕೇಳುವ ಕೆಲಸವೇ ಸೊರಗಿತ್ತು. ಒಂದೇ ಏಟಿಗೆ ಸಾಗಿಸುವುದರ ಅಪಾಯವೇನೆಂದು ನಿರ್ದೇಶಕ ಮಂಡಳಿ ಸಾಕಷ್ಟು ಕೆದಕಲಿಲ್ಲ ಎಂದು ಸ್ಲಾಟರ್ ಅಂಡ್ ಮೇ ಕಾನೂನು ಸಂಸ್ಥೆಯ 2019ರ ತನಿಖಾ ವರದಿ ಹೇಳಿತು. ಎರಡು ಡೇಟಾ ಸೆಂಟರ್‌ಗಳು ತದ್ರೂಪವಾಗಿರಬೇಕಿತ್ತು. ಹೊರೆ ತಾಳುವ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ. ಎರಡರ ಜೋಡಣೆಯಲ್ಲಿ ವ್ಯತ್ಯಾಸಗಳಿದ್ದವು, ಅವು ಕಣ್ಣಿಗೆ ಬಿದ್ದದ್ದು ನಿಜವಾದ ಗ್ರಾಹಕರು ನುಗ್ಗಿದಾಗ. ಇಡೀ ಪ್ರಕರಣದಲ್ಲಿ ಅತ್ಯಂತ ನೋಯಿಸುವ ಸಂಗತಿ ಇದೇ: ಈ ದೋಷ ಮೊದಲೇ ಸಿಗಬಹುದಾಗಿತ್ತು.

2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು ಬ್ಯಾಂಕಿಗೆ ಒಟ್ಟು 4.865 ಕೋಟಿ ಪೌಂಡ್ ದಂಡ ಹಾಕಿದರು. ಮರುವರ್ಷ ಆಗಿನ ಮುಖ್ಯ ಮಾಹಿತಿ ಅಧಿಕಾರಿಗೂ 81,620 ಪೌಂಡ್ ದಂಡ ಬಿತ್ತು. ಈ ಸ್ಥಳಾಂತರದ ಹೊರಗುತ್ತಿಗೆ ಪಡೆದ ಸಂಸ್ಥೆಗೆ ಆ ಕೆಲಸ ಹೊರುವ ಶಕ್ತಿ ಇದೆಯೇ ಎಂದು ಆಗಾಗ ಮರುಪರಿಶೀಲಿಸುವ ಏರ್ಪಾಡನ್ನು ಅವರು ಮಾಡಿರಲಿಲ್ಲ.