ಎತ್ತರದ ದತ್ತಾಂಶವನ್ನು ಪ್ರತಿಮಾಡುವ ಬಗೆ: ಠಾಣೆ–ಕಲ್ಯಾಣ ಪ್ರದೇಶದ ನಿದರ್ಶನ

ಉತ್ತರ ಕೊಂಕಣದ ಶಿಲಾಹಾರರು ರಾಷ್ಟ್ರಕೂಟರ ಮಾಂಡಲಿಕರಾಗಿದ್ದರೆಂಬುದು ಕನ್ನಡ ಸಾಹಿತ್ಯಚರಿತ್ರೆಯ ಅಭ್ಯಾಸಿಗಳಿಗೆ ತಿಳಿದ ಸಂಗತಿ. ‘ಕವಿರಾಜಮಾರ್ಗ’ವು ರಚಿತವಾದುದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಅದೇ ದೊರೆಯ ಹೆಸರು ಕಾನ್ಹೇರಿಯ ಗುಹೆಗಳಲ್ಲಿರುವ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ, ಪುಲ್ಲಶಕ್ತಿ ಮತ್ತು ಕಪರ್ದಿ ಎಂಬ ಶಿಲಾಹಾರ ಅರಸರ ಹೆಸರುಗಳೊಡನೆ ಕಾಣಿಸಿಕೊಳ್ಳುತ್ತದೆ. ಆ ವಂಶದ ಮುಮ್ಮುಣಿಯ ಕಾಲದ, ಕ್ರಿ.ಶ. 1060ರ ಶಾಸನವುಳ್ಳ ಅಂಬರನಾಥದ ದೇವಾಲಯ ಕಲ್ಯಾಣಕ್ಕೆ ಸಮೀಪದಲ್ಲಿದೆ. (ಇಲ್ಲಿ ಕಲ್ಯಾಣವೆಂದರೆ ಚಾಳುಕ್ಯರ ರಾಜಧಾನಿಯಲ್ಲ; ಉಲ್ಹಾಸ ನದಿಯ ದಡದ ಹಳೆಯ ಬಂದರು.) ಈ ಬಂದರಿನಿಂದ ನಾಣೇಘಾಟವನ್ನು ಏರಿ ಜುನ್ನರಕ್ಕೆ ಹೋಗುತ್ತಿದ್ದ ವ್ಯಾಪಾರಮಾರ್ಗ ಶಾತವಾಹನರ ಕಾಲದಷ್ಟು ಹಳೆಯದು.

ಇಂತಹ ಶಾಸನಸ್ಥಳಗಳ ನಡುವಣ ಬೆಟ್ಟ, ಖಾರಿ, ಕಣಿವೆಗಳನ್ನು ಕಣ್ಣೆದುರು ತಂದುಕೊಳ್ಳಲು ಈಗ ಸ್ಥಳಕ್ಕೆ ಹೋಗಲೇಬೇಕೆಂದಿಲ್ಲ. ದೆಹಲಿಯಲ್ಲಿಯೋ ವಾರಾಣಸಿಯಲ್ಲಿಯೋ ಕುಳಿತ ಸಂಶೋಧಕನು ಉಪಗ್ರಹಮೂಲದ ಎತ್ತರದ ದತ್ತಾಂಶವನ್ನು ಕ್ಯೂಜಿಐಎಸ್‌ನಂತಹ ನಕ್ಷಾ ತಂತ್ರಾಂಶದಲ್ಲಿ ತೆರೆದು, ಅಲ್ಲಿಂದ ಬ್ಲೆಂಡರ್ ಅಥವಾ ಯೂನಿಟಿಯಂತಹ ರೂಪಣ ತಂತ್ರಾಂಶಕ್ಕೆ ಸಾಗಿಸಿ, ಮೂರು ಆಯಾಮಗಳ ಪ್ರತಿಕೃತಿಯನ್ನು ರಚಿಸಿಕೊಳ್ಳಬಹುದು. ಆದರೆ ಈ ಸಾಗಣೆಯೂ ಒಂದು ಬಗೆಯ ಪ್ರತಿಮಾಡುವಿಕೆಯೇ. ಓಲೆಯಿಂದ ಓಲೆಗೆ ಕಾವ್ಯ ಇಳಿಯುವಾಗ ಲಿಪಿಕಾರನಿಂದ ಸ್ಖಾಲಿತ್ಯಗಳು ಸೇರುವಂತೆ, ತಂತ್ರಾಂಶದಿಂದ ತಂತ್ರಾಂಶಕ್ಕೆ ಇಳಿಯುವಾಗ ನೆಲದ ಪಾಠವೂ ಕೆಡಬಲ್ಲದು. ಕೆಟ್ಟ ಪಾಠ ಕಣ್ಣಿಗೆ ಚೆಲುವಾಗಿಯೇ ಕಾಣುವುದರಿಂದ ಅಪಾಯ ಹೆಚ್ಚು. ಎಲ್ಲೆಲ್ಲಿ ಹೀಗಾಗುತ್ತದೆಂಬುದನ್ನು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಿದರ್ಶನದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮೂಲಪ್ರತಿಗಳು

ಉಚಿತವಾಗಿ ದೊರೆಯುವ ಮೂಲಗಳಲ್ಲಿ ಮೂರು ಮುಖ್ಯವಾದವು. 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ ಹನ್ನೊಂದು ದಿನಗಳ ಯಾನದಲ್ಲಿ ರಾಡಾರಿನಿಂದ ಅಳೆದುದು ಎಸ್‌ಆರ್‌ಟಿಎಂ. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್–1 ಉಪಗ್ರಹದ ಜೋಡಿಚಿತ್ರಗಳಿಂದ ಸಿದ್ಧವಾದುದು ಕಾರ್ಟೋಡೆಮ್. ಮುಖ್ಯವಾಗಿ 2011ರಿಂದ 2015ರವರೆಗೆ ಜರ್ಮನಿಯ ಟ್ಯಾನ್‌ಡೆಮ್–ಎಕ್ಸ್ ಯೋಜನೆಯ ಜೋಡಿ ಉಪಗ್ರಹಗಳು ಅಳೆದುದನ್ನು ಆಧರಿಸಿದುದು ಕೋಪರ್ನಿಕಸ್. ಇವು ಮೂರೂ ನೆಲವನ್ನು ಸುಮಾರು 30 ಮೀಟರಿನ ಚೌಕಗಳಾಗಿ ವಿಂಗಡಿಸಿ, ಚೌಕಕ್ಕೊಂದು ಎತ್ತರವನ್ನು ನೀಡುತ್ತವೆ.

ಈ ಎತ್ತರ ಬರಿಯ ಮಣ್ಣಿನದಲ್ಲವೆಂಬುದು ಮೊದಲು ಗಮನಿಸಬೇಕಾದ ಅಂಶ. ಠಾಣೆ ಖಾರಿಯ ಅಂಚಿನಲ್ಲಿ ಅದು ಕಾಂಡ್ಲಾವನದ ನೆತ್ತಿಯನ್ನೂ, ಡೊಂಬಿವಲಿಯ ದಟ್ಟ ವಸತಿಯಲ್ಲಿ ಮನೆಗಳ ಮಾಳಿಗೆಯನ್ನೂ ಒಳಗೊಂಡಿರುತ್ತದೆ. ಚೌಕಕ್ಕೆ ಒಂದೇ ಬೆಲೆಯಿರುವುದರಿಂದ ಗುಹೆ, ಸುರಂಗಗಳು ಅದರಲ್ಲಿ ಇರಲಾರವು. ಕಾನ್ಹೇರಿಯ ಗುಹೆಗಳಾಗಲಿ, 1916ರಲ್ಲಿ ತೆರೆದ ಪಾರಸಿಕದ ರೈಲು ಸುರಂಗವಾಗಲಿ ಪ್ರತಿಕೃತಿಯಲ್ಲಿ ಕಾಣವು. ಮಲಂಗಗಡದ ಕಡಿದಾದ ಶಿಖರವು 30 ಮೀಟರಿನ ಚೌಕಗಳಲ್ಲಿ ಮೊಂಡಾಗುತ್ತದೆ.

ಮೂಲಪ್ರತಿಯ ಕಾಲವೂ ಮುಖ್ಯ. ನವಿ ಮುಂಬಯಿಯ ವಿಮಾನ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡವನ್ನು ಒಡೆದು ನೆಲಸಮ ಮಾಡಲಾಯಿತು. 2025ರಲ್ಲಿ ಆ ನಿಲ್ದಾಣದ ಉದ್ಘಾಟನೆಯಾಯಿತು. 2000ದ ದತ್ತಾಂಶದಲ್ಲಿ ಆ ಗುಡ್ಡ ಇನ್ನೂ ನಿಂತಿದೆ. ಪ್ರಾಚೀನ ಭೂಲಕ್ಷಣವನ್ನು ಅರಸುವವರಿಗೆ ಇಲ್ಲಿ ಹಳೆಯ ಪ್ರತಿಯೇ ಹೆಚ್ಚು ಪ್ರಯೋಜನಕಾರಿ. ಆದರೆ 1970ರಲ್ಲಿ ಸಿಡ್ಕೋ ಸ್ಥಾಪನೆಯಾದ ಬಳಿಕ ಖಾರಿಯ ದಡದಲ್ಲಿ ಎತ್ತರಿಸಿದ ನೆಲವು ಮೂರೂ ಪ್ರತಿಗಳಲ್ಲಿ ಬೆರೆತಿದೆ. ಶಿಲಾಹಾರರ ಕಾಲದ ದಡರೇಖೆಯನ್ನು ಯಾವ ಉಪಗ್ರಹವೂ ಹೇಳಲಾರದು.

2. ಸೊನ್ನೆಯ ಪ್ರಶ್ನೆ

ಎತ್ತರವೆಂದರೆ ಎಲ್ಲಿಂದ ಎತ್ತರ? ಎಸ್‌ಆರ್‌ಟಿಎಂ ಮತ್ತು ಕೋಪರ್ನಿಕಸ್‌ಗಳು ಸರಾಸರಿ ಸಮುದ್ರಮಟ್ಟಕ್ಕೆ ಸಮೀಪವಾದ ಜಿಯಾಯ್ಡ್ ತಲದಿಂದ ಎಣಿಸುತ್ತವೆ. ಕಾರ್ಟೋಡೆಮ್‌ನ ಎಣಿಕೆ ಭೂಮಿಯ ಗಣಿತಾಕೃತಿಯಾದ ದೀರ್ಘಗೋಳದ ಮೇಲ್ಮೈಯಿಂದ. ಮುಂಬಯಿ ಸುತ್ತಿನಲ್ಲಿ ಜಿಯಾಯ್ಡ್ ಈ ಮೇಲ್ಮೈಗಿಂತ 60 ಮೀಟರಿಗೂ ಹೆಚ್ಚು ಕೆಳಗಿದೆ. ಆದುದರಿಂದ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರವಿರುವ ಡೊಂಬಿವಲಿಯ ತಗ್ಗುನೆಲ ಕಾರ್ಟೋಡೆಮ್‌ನಲ್ಲಿ ಋಣಸಂಖ್ಯೆಯಾಗಿ ಬರುತ್ತದೆ. ಇದು ದತ್ತಾಂಶದ ದೋಷವಲ್ಲ, ಎಣಿಕೆಯ ಪದ್ಧತಿ.

ರೂಪಣ ತಂತ್ರಾಂಶಕ್ಕೆ ಈ ವಿವೇಚನೆಯಿಲ್ಲ. ಅದು ಸೊನ್ನೆಯನ್ನು ಸೊನ್ನೆಯೆಂದೇ ತಿಳಿಯುತ್ತದೆ. ಅಲ್ಲಿ ಸೊನ್ನೆಯ ಮಟ್ಟದಲ್ಲಿ ನೀರನ್ನು ಹರಡಿದರೆ ಠಾಣೆಯಿಂದ ಕಲ್ಯಾಣದವರೆಗಿನ ತಗ್ಗುಪ್ರದೇಶವೆಲ್ಲ ಮುಳುಗಿ, ಪಾರಸಿಕದಂತಹ ಬೆಟ್ಟಗಳು ದ್ವೀಪಗಳಾಗುತ್ತವೆ. ಇಂತಹ ಚಿತ್ರವನ್ನು ನಂಬಿ ‘ಒಂದು ಕಾಲದಲ್ಲಿ ಸಮುದ್ರ ಇಲ್ಲಿಯವರೆಗೂ ಇತ್ತು’ ಎಂದು ಬರೆಯುವುದು ಸುಲಭ. ಬರೆದ ಮೇಲೆ ಅದನ್ನು ಉಲ್ಲೇಖಗಳ ಪರಂಪರೆಯಿಂದ ತೆಗೆದುಹಾಕುವುದು ಕಷ್ಟ. ಆದಕಾರಣ ನಕ್ಷಾ ತಂತ್ರಾಂಶದಲ್ಲಿಯೇ ಜಿಯಾಯ್ಡಿನ ಅಂತರವನ್ನು ಸರಿಪಡಿಸಿ, ಆಮೇಲೆ ಸಾಗಿಸಬೇಕು.

3. ಪುಟಗಳ ಜೋಡಣೆ ಮತ್ತು ಪ್ರಕ್ಷೇಪ

ದತ್ತಾಂಶವು ಒಂದು ಡಿಗ್ರಿ ಅಗಲ, ಒಂದು ಡಿಗ್ರಿ ಉದ್ದದ ಪುಟಗಳಾಗಿ ದೊರೆಯುತ್ತದೆ. ನಮ್ಮ ಪ್ರದೇಶದ ದುರದೃಷ್ಟವೆಂದರೆ, 73 ಡಿಗ್ರಿ ಪೂರ್ವ ರೇಖಾಂಶವು ಠಾಣೆಗೂ ಡೊಂಬಿವಲಿಗೂ ನಡುವೆ ಹಾದುಹೋಗುತ್ತದೆ. ಠಾಣೆ ಒಂದು ಪುಟದಲ್ಲಿ, ಡೊಂಬಿವಲಿ–ಕಲ್ಯಾಣಗಳು ಮತ್ತೊಂದರಲ್ಲಿ. ನವಿ ಮುಂಬಯಿಯನ್ನು ರೇಖೆಯೇ ಸೀಳುತ್ತದೆ, ಅದರ ದಕ್ಷಿಣದ ಅಂಚು 19 ಡಿಗ್ರಿ ಅಕ್ಷಾಂಶದ ಕೆಳಗೆ ಬೇರೊಂದು ಪುಟಕ್ಕೆ ಸೇರುತ್ತದೆ. ಎಸ್‌ಆರ್‌ಟಿಎಂ ಪುಟದಲ್ಲಿ 3601 ಸಾಲುಗಳೂ ಅಷ್ಟೇ ಕಂಬಸಾಲುಗಳೂ ಇದ್ದು, ಅಂಚಿನ ಸಾಲು ನೆರೆಯ ಪುಟದಲ್ಲಿಯೂ ಪುನರುಕ್ತವಾಗುತ್ತದೆ. ಪುಟಗಳನ್ನು ಬೇರೆಬೇರೆಯಾಗಿ ಸಾಗಿಸಿ ರೂಪಣ ತಂತ್ರಾಂಶದಲ್ಲಿ ಅಂಟಿಸಿದರೆ ಖಾರಿಯ ಪೂರ್ವದಲ್ಲಿ ಹೊಲಿಗೆಯ ಗುರುತು ಉಳಿಯುತ್ತದೆ. ಜೋಡಣೆ ಮೊದಲು ನಡೆಯಬೇಕು.

ಅನಂತರ ಪ್ರಕ್ಷೇಪ. ಮೂಲದಲ್ಲಿ ಅಡ್ಡಳತೆ ಡಿಗ್ರಿಗಳಲ್ಲಿ, ಎತ್ತರ ಮೀಟರುಗಳಲ್ಲಿದೆ. ಹಾಗೆಯೇ ಸಾಗಿಸಿದರೆ ಒಂದು ಡಿಗ್ರಿಯು ಒಂದು ಮೀಟರಾಗಿ, ಬೆಟ್ಟಗಳು ಸೂಜಿಗಳಾಗುತ್ತವೆ. ಈ ತಪ್ಪು ಕೂಡಲೇ ಕಾಣುವುದರಿಂದ ನಿರಪಾಯಕರ. ಕಾಣದ ತಪ್ಪು ಇನ್ನೊಂದಿದೆ. ಈ ಅಕ್ಷಾಂಶದಲ್ಲಿ ಪೂರ್ವ–ಪಶ್ಚಿಮದ ಒಂದು ಡಿಗ್ರಿ ಸುಮಾರು 105 ಕಿ.ಮೀ., ಉತ್ತರ–ದಕ್ಷಿಣದ ಡಿಗ್ರಿ ಸುಮಾರು 111 ಕಿ.ಮೀ. ಎರಡನ್ನೂ ಸಮವೆಂದು ಭಾವಿಸಿದರೆ ನೆಲವು ನೂರಕ್ಕೆ ಐದರಷ್ಟು ಅಡ್ಡಲಾಗಿ ಹಿಗ್ಗುತ್ತದೆ. ನಾಲ್ಕೂ ಊರುಗಳು ಯುಟಿಎಂ ಪದ್ಧತಿಯ 43ನೆಯ ಉತ್ತರ ವಲಯಕ್ಕೆ ಸೇರಿರುವುದರಿಂದ ಆ ಪ್ರಕ್ಷೇಪಕ್ಕೆ ಬದಲಾಯಿಸಿದರೆ ಎಲ್ಲ ಅಳತೆಗಳೂ ಮೀಟರಿಗೆ ಬರುತ್ತವೆ.

ಆ ಪದ್ಧತಿಯಲ್ಲಿ ಕಲ್ಯಾಣದ ಉತ್ತರಾಂಕ 21 ಲಕ್ಷ ಮೀಟರನ್ನು ಮೀರುತ್ತದೆ. ರೂಪಣ ತಂತ್ರಾಂಶಗಳು ಸಾಮಾನ್ಯವಾಗಿ ಏಳು ಅಂಕಿಗಳಷ್ಟೇ ನಿಖರತೆಯ ಸಂಖ್ಯೆಗಳನ್ನು ಬಳಸುವುದರಿಂದ, ಅಷ್ಟು ದೊಡ್ಡ ಸಂಖ್ಯೆಯಲ್ಲಿ ಕಾಲು ಮೀಟರಿಗಿಂತ ಸೂಕ್ಷ್ಮವಾದ ಸ್ಥಾನ ಉಳಿಯದು. ಪೂರ್ವಾಂಕದಿಂದ 3,00,000, ಉತ್ತರಾಂಕದಿಂದ 21,00,000 ಕಳೆದು ಸಾಗಿಸುವುದು ಇದಕ್ಕೆ ಪರಿಹಾರ. ಕಳೆದ ಸಂಖ್ಯೆಗಳನ್ನು ಬರೆದಿಡದಿದ್ದರೆ ಪ್ರತಿಕೃತಿಯನ್ನು ಮತ್ತೆ ನಕ್ಷೆಯೊಡನೆ ಕೂಡಿಸಲು ಆಗದು.

4. ಲಿಪ್ಯಂತರ

ರೂಪಣ ತಂತ್ರಾಂಶಗಳು ಎತ್ತರವನ್ನು ಬಹುಮಟ್ಟಿಗೆ ಬೂದುಬಣ್ಣದ ಚಿತ್ರವಾಗಿ ಸ್ವೀಕರಿಸುತ್ತವೆ: ಕಪ್ಪು ತಗ್ಗು, ಬಿಳುಪು ಎತ್ತರ. 8 ಬಿಟ್ಟಿನ ಚಿತ್ರದಲ್ಲಿ ಬೂದಿನ ಛಾಯೆಗಳು 256 ಮಾತ್ರ. ಸಮುದ್ರದಿಂದ ಘಟ್ಟದವರೆಗಿನ 1000 ಮೀಟರನ್ನು ಅದರಲ್ಲಿ ಹಂಚಿದರೆ ಒಂದೊಂದು ಮೆಟ್ಟಿಲೂ ಸುಮಾರು 4 ಮೀಟರಾಗುತ್ತದೆ. ಉಪ್ಪಿನ ಅಗರ, ಖಾರಿದಂಡೆ, ಹಳೆಯ ಧಕ್ಕೆ ಇವೆಲ್ಲವೂ ಒಂದೇ ಮೆಟ್ಟಿಲಿನಲ್ಲಿ ಅಳಿಸಿಹೋಗುತ್ತವೆ. ಬಂದರಿನ ಅಧ್ಯಯನಕ್ಕೆ ಬೇಕಾದುದು ಆ ನಾಲ್ಕು ಮೀಟರುಗಳೇ. 16 ಬಿಟ್ಟಿನಲ್ಲಿ 65,536 ಛಾಯೆಗಳಿದ್ದು, ಮೆಟ್ಟಿಲು ಸುಮಾರು ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಇದರಿಂದ ಮೂಲದ ನಿಖರತೆ ಹೆಚ್ಚದು. ಇದ್ದುದು ನಷ್ಟವಾಗದು, ಅಷ್ಟೆ.

ಬೂದುಚಿತ್ರವು ಎತ್ತರದ ಅನುಪಾತವನ್ನು ಹೇಳುತ್ತದೆಯೇ ಹೊರತು ಮೀಟರನ್ನು ಹೇಳುವುದಿಲ್ಲ. ಕಪ್ಪು ಎಷ್ಟು ಮೀಟರ್, ಬಿಳುಪು ಎಷ್ಟು ಮೀಟರ್ ಎಂಬ ಎರಡು ಸಂಖ್ಯೆಗಳು ಜೊತೆಯಲ್ಲಿ ಪಯಣಿಸಬೇಕು. ಎಸ್‌ಆರ್‌ಟಿಎಂನ ಮೂಲಕಡತದಲ್ಲಿ ಅಳತೆ ದೊರೆಯದ ಚೌಕಕ್ಕೆ –32768 ಎಂಬ ಸಂಕೇತವಿರುತ್ತದೆ. ಓಲೆಯಲ್ಲಿ ಹುಳು ತಿಂದ ಜಾಗದಂತಿರುವ ಇದನ್ನು ಮೊದಲೇ ತುಂಬದಿದ್ದರೆ, ಕನಿಷ್ಠ ಎತ್ತರ ಇದೇ ಎಂದೆಣಿಸಿ ತಂತ್ರಾಂಶವು ಇಡೀ ಸಹ್ಯಾದ್ರಿಯನ್ನು ಒಂದೇ ಛಾಯೆಯ ಚಪ್ಪಟೆ ಬಿಳುಪಾಗಿಸುತ್ತದೆ. ಯೂನಿಟಿಯಂತಹ ತಂತ್ರಾಂಶಕ್ಕೆ 1025 ಅಥವಾ 2049ರಂತಹ ನಿಯತ ಸಾಲುಗಳ ಚೌಕವೇ ಬೇಕು. ಹಾಗೆ ಕುಗ್ಗಿಸಿದಾಗ ಚೌಕದ ಅಳತೆಯೂ ಬದಲಾಗುವುದೆಂಬುದನ್ನು ಮರೆಯಬಾರದು.

5. ಯಾವ ಪ್ರಶ್ನೆ ಎಲ್ಲಿ

ಎಲ್ಲವೂ ಸರಿಯಾದ ಮೇಲೂ ಪ್ರತಿಕೃತಿಯನ್ನು ಕೇಳಬಾರದ ಪ್ರಶ್ನೆಗಳಿವೆ. ಕಲ್ಯಾಣದ ದಂಡೆಯಿಂದ ನಾಣೇಘಾಟದ ಶಿಖರ ಕಾಣುತ್ತಿತ್ತೇ ಎಂಬುದು ಅಂತಹದೊಂದು. ರೂಪಣ ತಂತ್ರಾಂಶದ ಭೂಮಿ ಚಪ್ಪಟೆ. ನಿಜವಾದ ಭೂಮಿ 50 ಕಿ.ಮೀ. ದೂರದಲ್ಲಿ ಸುಮಾರು 200 ಮೀಟರ್ ಬಾಗುತ್ತದೆ. ಕಾಣುವಿಕೆಯ ಲೆಕ್ಕವನ್ನು, ಈ ಬಾಗನ್ನು ಗಣನೆಗೆ ತೆಗೆದುಕೊಳ್ಳಬಲ್ಲ ನಕ್ಷಾ ತಂತ್ರಾಂಶದಲ್ಲಿಯೇ ಮಾಡಬೇಕು. ನೋಟದ ಅಂದಕ್ಕಾಗಿ ಎತ್ತರವನ್ನು ಎರಡು ಮೂರು ಪಟ್ಟು ಹಿಗ್ಗಿಸಿದ ಪ್ರತಿಕೃತಿಯಿಂದ ದಾರಿಯ ಕಡಿದನ್ನು ಅಳೆಯುವುದೂ ಸಲ್ಲದು. ಎತ್ತುಗಳು ಹೇರು ಹೊತ್ತು ಏರಬಲ್ಲ ಇಳಿಜಾರು ಅದರಲ್ಲಿ ಗೋಡೆಯಂತೆ ತೋರುತ್ತದೆ.

ಕೊನೆಯದಾಗಿ ಪರಿಶೀಲನೆ. ರೈಲು ನಿಲ್ದಾಣಗಳ ಹೆಸರಿನ ಹಲಗೆಯ ಮೇಲೆ ಸಮುದ್ರಮಟ್ಟದಿಂದ ಎತ್ತರವನ್ನು ಬರೆಯುವ ವಾಡಿಕೆ ನಮ್ಮ ದೇಶದಲ್ಲಿದೆ. ಕೆಲವು ನಿಲ್ದಾಣಗಳ ಆ ಅಂಕಿಯನ್ನು ಪ್ರತಿಕೃತಿಯ ಅದೇ ಬಿಂದುವಿನೊಡನೆ ಹೋಲಿಸಬೇಕು. ಕೆಲವು ಮೀಟರುಗಳ ವ್ಯತ್ಯಾಸ ಮಾಳಿಗೆ–ಮರಗಳಿಂದ ಬಂದಿರಬಹುದು. 60 ಮೀಟರಿನ ವ್ಯತ್ಯಾಸವಿದ್ದರೆ ಆಧಾರತಲ ತಪ್ಪಿದೆಯೆಂದೇ ಅರ್ಥ.

ಹಸ್ತಪ್ರತಿಯ ಕೊನೆಗೆ ಲಿಪಿಕಾರನು ಪುಷ್ಪಿಕೆಯನ್ನು ಬರೆಯುತ್ತಿದ್ದನು. ಪ್ರತಿಕೃತಿಯ ಚಿತ್ರವನ್ನು ಪ್ರಕಟಿಸುವವರೂ ಮೂಲದ ಹೆಸರು, ಅಳೆದ ವರ್ಷ, ಆಧಾರತಲ, ಪ್ರಕ್ಷೇಪ, ಚೌಕದ ಅಳತೆ, ಕನಿಷ್ಠ–ಗರಿಷ್ಠ ಎತ್ತರ, ಕಳೆದ ಅಂಕಗಳು, ಎತ್ತರವನ್ನು ಹಿಗ್ಗಿಸಿದ ಪ್ರಮಾಣ ಇವಿಷ್ಟನ್ನು ಚಿತ್ರದ ಅಡಿಯಲ್ಲಿ ಎರಡು ಸಾಲುಗಳಲ್ಲಿ ಕೊಡಬೇಕೆಂದು ಸೂಚಿಸಬಯಸುತ್ತೇನೆ. ಹಾಗೆ ಕೊಟ್ಟಲ್ಲಿ ಮತ್ತೊಬ್ಬ ಸಂಶೋಧಕನು ಅದೇ ನೆಲವನ್ನು ಮತ್ತೆ ರೂಪಿಸಿ, ನಮ್ಮ ತೀರ್ಮಾನವನ್ನು ಒಪ್ಪಲು ಅಥವಾ ತಿದ್ದಲು ಸಾಧ್ಯವಾಗುತ್ತದೆ.