ಪರಸ್ಥಳದಲ್ಲೊಂದು ಸೂರು

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಬಾಲಕನೊಬ್ಬನು ಹೈಸ್ಕೂಲು ಸೇರುವ ಹಂಬಲದಿಂದ ಬೆಂಗಳೂರಿಗೆ ನಡೆದೇ ಬಂದನು. ಎಪ್ಪತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ! ಮುಂದೆ ಡಾ. ಎಚ್. ನರಸಿಂಹಯ್ಯನವರೆಂದು ನಾಡಿಗೆಲ್ಲ ಪರಿಚಿತರಾದವರು ಇವರೇ. ಅಂದು ಅವರ ಮುಂದಿದ್ದ ಪ್ರಶ್ನೆ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳಿಂದ ಓದಲು ಹೊರಟವರೆಲ್ಲರ ಪ್ರಶ್ನೆಯೂ ಹೌದು: ಓದೇನೋ ಸರಿ, ಉಣ್ಣುವುದೆಲ್ಲಿ, ಮಲಗುವುದೆಲ್ಲಿ?

ಪಂಕ್ತಿಭೇದದ ಆ ಕಾಲದಲ್ಲಿ ಉತ್ತರವೂ ಜಾತಿಯ ಮೂಲಕವೇ ಬಂದಿತು. ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನು ತೆರೆದರು. 1906ರಲ್ಲಿ ಒಕ್ಕಲಿಗರ ಸಂಘವು ಹುಟ್ಟಿ, ತನ್ನ ಮಕ್ಕಳ ಓದಿಗೆ ಆಸರೆಯಾಯಿತು.

ಅದೇ ವರ್ಷಗಳಲ್ಲಿ ಸಾಗರದಾಚೆಯ ನ್ಯೂಯಾರ್ಕಿನಲ್ಲಿಯೂ ಇಂತಹುದೇ ಪ್ರಯತ್ನ ನಡೆದಿತ್ತು. ಅಮೆರಿಕದ ಕಾಲೇಜುಗಳಲ್ಲಿ ‘ಸೊರಾರಿಟಿ’ ಎಂಬ ವಿದ್ಯಾರ್ಥಿನಿಯರ ಸಂಘಗಳುಂಟು. ಸದಸ್ಯೆಯರು ಒಬ್ಬರಿಗೊಬ್ಬರು ಅಕ್ಕತಂಗಿಯರು. ಆದರೆ ಅಂದು ಯೆಹೂದಿ ಹುಡುಗಿಯರಿಗೆ ಅಲ್ಲಿ ಸಾಮಾನ್ಯವಾಗಿ ಪ್ರವೇಶವಿರಲಿಲ್ಲ. ತರಗತಿಯಲ್ಲಿ ಪಕ್ಕದಲ್ಲಿ ಕುಳಿತವಳೇ ಸಂಜೆಯ ಕೂಟಕ್ಕೆ ಕರೆಯದೆ ಹೋದರೆ ಆ ನೋವು ಸಣ್ಣದೇ? ಅವರು ಬೇಡಲಿಲ್ಲ, ಕಟ್ಟಿದರು. 1903ರಲ್ಲಿ ಅಲ್ಲಿಯ ನಾರ್ಮಲ್ ಕಾಲೇಜಿನಲ್ಲಿ ಅಯೋಟ ಆಲ್ಫ ಪೈ ಎಂಬ ಮೊದಲ ಯೆಹೂದಿ ಸೊರಾರಿಟಿ ಹುಟ್ಟಿತು. 1909ರ ಅಕ್ಟೋಬರ್ 24ರಂದು ಬಾರ್ನಾರ್ಡ್ ಕಾಲೇಜಿನಲ್ಲಿ ಹೆಲೆನ್ ಫಿಲಿಪ್ಸ್ ಮತ್ತು ಆಕೆಯ ಆರು ಮಂದಿ ಗೆಳತಿಯರು ಆಲ್ಫ ಎಪ್ಸಿಲಾನ್ ಫೈ ಸಂಘವನ್ನು ಸ್ಥಾಪಿಸಿದರು. ಅದು ಇಂದಿಗೂ ಬಾಳಿದೆ.

ಹೊರಗುಳಿದವರು ಕಟ್ಟಿಕೊಂಡ ಮನೆ ಅವರಿಗೆ ಬಲವನ್ನೀಯುತ್ತದೆ, ನಿಜ. ಆದರೆ ಆ ಮನೆಗೂ ಒಂದು ಬಾಗಿಲಿರುತ್ತದೆ. ಅದೂ ಮತ್ತೊಬ್ಬರ ಮುಖದ ಮೇಲೆ ಮುಚ್ಚಿಕೊಳ್ಳಬಹುದು. ಇದನ್ನರಿತೋ ಏನೋ, 1917ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಐವರು ಕಾನೂನು ವಿದ್ಯಾರ್ಥಿನಿಯರು ಡೆಲ್ಟ ಫೈ ಎಪ್ಸಿಲಾನ್ ಸಂಘವನ್ನು ಕಟ್ಟುವಾಗ ಮತಭೇದವಿಲ್ಲವೆಂದೇ ಸಾರಿದರು.

ನಡೆದು ಬಂದ ಆ ಹೊಸೂರಿನ ಬಾಲಕನೂ ಬಾಗಿಲನ್ನು ಅಗಲಿಸಿದವರೇ. ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಪಡೆದು ಮರಳಿದ ಅವರು ಪ್ರಿನ್ಸಿಪಾಲರಾದ ಮೇಲೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿಯೇ, ವಿದ್ಯಾರ್ಥಿಗಳ ನಡುವೆ, ಬಾಳಿದರು. ಗೌರಿಬಿದನೂರಿಗೂ ಒಂದು ನ್ಯಾಷನಲ್ ಕಾಲೇಜು ಬರುವಂತೆ ಮಾಡಿದರು. ಇಂದು ಆ ತಾಲ್ಲೂಕಿನ ಹುಡುಗಿಯೊಬ್ಬಳು ಬೆಳಿಗ್ಗೆ ತಾಯಿಯ ಕೈಯಡಿಗೆ ಉಂಡು ಕಾಲೇಜಿಗೆ ಹೊರಡಬಲ್ಲಳು. ಆಕೆ ಯಾವ ಜಾತಿಯವಳೆಂದು ಕೇಳುವ ಹೊಸ್ತಿಲು ಆ ದಾರಿಯಲ್ಲಿ ಇರಕೂಡದು.