ಮೇಣದೊಳಗೆ ಮೊದಲ ಮಳೆ

ಕಾಡು, ಕಡಲು, ಮುಂಜಾನೆಯ ಮಂಜು, ಮೊದಲ ಮಳೆ. ಗಾಜಿನ ಲೋಟದಲ್ಲಿ ಹೆಪ್ಪುಗಟ್ಟಿದ ಸೋಯಾ ಮೇಣದಬತ್ತಿಗಳ ಚೀಟಿ ಓದುತ್ತಾ ಹೋದರೆ ಪ್ರವಾಸಕ್ಕೇ ಹೊರಟಂತೆ. ಮಂಜಿಗೆ ಎಂಥ ವಾಸನೆ ಎಂದು ಮಾತ್ರ ಕೇಳಬಾರದು.

ಮಳೆಯದು ಹಾಗಲ್ಲ. ಕಾದ ನೆಲಕ್ಕೆ ಹನಿ ಬಿದ್ದಾಗ ಏಳುವ ಘಮಕ್ಕೆ 1964ರಲ್ಲಿ ‘ಪೆಟ್ರಿಕೋರ್’ ಎಂದು ಹೆಸರಿಟ್ಟವರು ಆಸ್ಟ್ರೇಲಿಯಾದಲ್ಲಿ ಸಂಶೋಧನೆ ನಡೆಸುತ್ತಿದ್ದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್. ಬೇಸಿಗೆಯುದ್ದಕ್ಕೂ ಕಲ್ಲು-ಮಣ್ಣು ಹೀರಿಟ್ಟುಕೊಂಡ ಎಣ್ಣೆಯಂಶ ಮಳೆಗೆ ಬಿಡುಗಡೆಯಾಗುತ್ತದೆ. ಅದರ ಜೊತೆಗೂಡುವುದು ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್. ಬೀಟ್‌ರೂಟಿನ ಮಣ್ಣುವಾಸನೆಗೂ ಕೆಲವು ಕೆರೆಮೀನುಗಳ ಕೆಸರುರುಚಿಗೂ ಇದೇ ಕಾರಣ. ಮೂಗಿಗೆ ಹಿತವಾದದ್ದು ನಾಲಗೆಗೆ ಹಿಡಿಸಬೇಕೆಂದೇನಿಲ್ಲ!

ಇಂಗ್ಲಿಷಿನಲ್ಲಿ ಹೆಸರು ಹುಟ್ಟುವ ಮೊದಲೇ ಉತ್ತರ ಪ್ರದೇಶದ ಕನೌಜಿನ ಅತ್ತರಿನವರು ಈ ಘಮವನ್ನು ಸೀಸೆಗೆ ಇಳಿಸಿದ್ದರು. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕುದಿಸಿ, ಬಿದಿರಿನ ಕೊಳವೆಯಲ್ಲಿ ಬರುವ ಹಬೆಯನ್ನು ಶ್ರೀಗಂಧದ ಎಣ್ಣೆಗೆ ಹಾಯಿಸುತ್ತಾರೆ. ಸಿಗುವುದು ಮಿಟ್ಟಿ ಅತ್ತರು. ಅದನ್ನೇ ಮೇಣಕ್ಕೆ ಸುರಿದರಾಯಿತಲ್ಲ ಎಂದು ಗಂಧದೆಣ್ಣೆಯ ಬೆಲೆ ಬಲ್ಲ ಕನ್ನಡಿಗರು ಹೇಳಲಾರರು. ಒಂದು ಕಿಲೋ ಮೇಣಕ್ಕೆ ಸಾಮಾನ್ಯವಾಗಿ 60ರಿಂದ 100 ಗ್ರಾಂ ಸುಗಂಧದ್ರವ್ಯ ಬೇಕು.

ಹಾಗಾಗಿ ಲೋಟದೊಳಗಿನ ನಿಸರ್ಗ ಬಹುಪಾಲು ಪ್ರಯೋಗಶಾಲೆಯದು. ಕೊಯ್ದ ಹುಲ್ಲಿನ ಹಸಿವಾಸನೆಗೆ ಹೆಕ್ಸೆನಾಲ್ ಇದೆ. ‘ಕಡಲ ಗಾಳಿ’ಗೆ 1966ರಲ್ಲಿ ಫೈಜರ್ ಕಂಪನಿಯ ರಸಾಯನಜ್ಞರಿಗೆ ದಕ್ಕಿದ ಕ್ಯಾಲೋನ್. ನಿಜವಾದ ಕಡಲತೀರದ ಪಾಚಿ, ಒಣಮೀನು ಇವನ್ನೆಲ್ಲ ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ ಬಿಡಿ.

ಮೇಣದ ಕಥೆಯೂ ಅಷ್ಟೇ. 1990ರ ದಶಕದಲ್ಲಿ ಅಮೆರಿಕದ ಅಯೋವದ ಮೈಕಲ್ ರಿಚರ್ಡ್ಸ್ ರೂಪಿಸಿದ ಸೋಯಾ ಮೇಣ, ನಮ್ಮ ಡಾಲ್ಡಾದ ಹತ್ತಿರದ ನೆಂಟ. ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು. ಸುಮಾರು 50 ಡಿಗ್ರಿಯಲ್ಲೇ ಕರಗುವಷ್ಟು ಮೆದು, ಅದಕ್ಕೇ ಲೋಟದ ಆಸರೆ. ಕಚ್ಚಾತೈಲದಿಂದ ಬರುವ ಪ್ಯಾರಾಫಿನ್‌ಗಿಂತ ಇದರ ಮೂಲ ಹಸಿರು, ಸರಿ. ಆದರೆ ಹೊಗೆಯೇ ಇಲ್ಲವೆಂಬ ಜಾಹೀರಾತು ನಂಬುವಂಥದ್ದಲ್ಲ. ನಡುವಿನ ದಾರ ಉದ್ದವಾದರೆ ಯಾವ ಮೇಣವಾದರೂ ಮಸಿ ಕಾರುತ್ತದೆ.

ಎರಕ ಹೊಯ್ದವರು ವಾರ, ಎರಡು ವಾರ ಮೇಣದಬತ್ತಿಯನ್ನು ಮುಟ್ಟದೆ ಇಡುತ್ತಾರೆ, ಘಮ ಮೇಣದಲ್ಲಿ ಕೂರಲೆಂದು. ಕೊಂಡವರಿಗೂ ತಾಳ್ಮೆ ಬೇಕು. ಮೊದಲ ಸಲ ಹಚ್ಚಿದಾಗ ಕರಗಿದ ಮೇಣ ಲೋಟದ ಅಂಚು ಮುಟ್ಟುವವರೆಗೆ ಆರಿಸಬಾರದು. ಅವಸರಪಟ್ಟು ಊದಿದರೆ ಮುಂದೆ ಪ್ರತಿಸಲವೂ ಜ್ವಾಲೆ ನಡುವೆ ಬಾವಿ ತೋಡಿಕೊಂಡು ಇಳಿಯುತ್ತದೆ. ಸುತ್ತಲಿನ ಮೇಣವೂ ಅದರೊಳಗಿನ ಮಳೆಯೂ ಗಾಜಿಗಂಟಿಕೊಂಡು ಹಾಗೇ ಉಳಿಯುತ್ತವೆ.